ಮಾವನ ರೇವಾ ಮತ್ತು ನಾನು ಕಟ್ಟಿದ ಟಾರ್ಪಾಲು

ಮೊನ್ನೆ ಶನಿವಾರ ಜೆ.ಸಿ. ರೋಡಿಗೆ ಹೋಗಿದ್ದೆ. ಹೊಸದಾಗಿ ತಗೊಂಡ ಎಲೆಕ್ಟ್ರಿಕ್ ಕಾರಿಗೆ ಬಾಡಿ ಕವರ್ ಬೇಕಿತ್ತು. ನಮ್ಮ ಬಾಡಿಗೆ ಮನೆಗೆ ಶೆಡ್ ಇಲ್ಲ, ಕಾರು ನಿಲ್ಲೋದು ಹೊಂಗೆಮರದ ಕೆಳಗೆ. ಮರದ ಮೇಲೆ ಕಾಗೆಗಳ ಸಂಸಾರ ಬೇರೆ. ಅಂಗಡಿಯವನು ಬೆಳ್ಳಿಬಣ್ಣದ್ದೊಂದನ್ನ ಹರಡಿ, “ಫುಲ್ ವಾಟರ್‌ಪ್ರೂಫ್ ಸಾರ್, ಒಂದು ಹನಿ ಒಳಗೆ ಹೋಗಲ್ಲ” ಅಂದ. “ಒಳಗಿರೋ ತೇವ ಹೊರಗೆ ಹೋಗುತ್ತಾ?” ಅಂತ ಕೇಳಿದೆ. ನನ್ನ ಮುಖ ಒಂದ್ಸಲ ನೋಡಿದ. ಇಂಥಾ ಗಿರಾಕಿ ಅವನಿಗೆ ದಿನಾ ಸಿಗಲ್ಲ ಅನ್ಸುತ್ತೆ :)

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಇನ್ನೂರು ವರ್ಷದ ಒಂದು ಕತೆ ಇದೆ, ಮತ್ತೆ ಹದಿನಾಲ್ಕನೇ ವಯಸ್ಸಲ್ಲಿ ನಾನು ಮಾಡಿದ ಒಂದು ತಪ್ಪಿದೆ.

ಟಾರ್ಪಾಲು ಅನ್ನೋ ಪದ ಲಾರಿ, ಮದುವೆ ಚಪ್ಪರ, ಭತ್ತದ ಕಣ ಎಲ್ಲ ಕಡೆ ಓಡಾಡಿ ನಮ್ಮದೇ ಆಗಿಬಿಟ್ಟಿದೆ. ಆದರೆ ಅದು ಹಡಗಿನಿಂದ ಇಳಿದು ಬಂದದ್ದು. ಟಾರು ಬಳಿದ ಕ್ಯಾನ್ವಾಸ್ ಬಟ್ಟೆಯನ್ನ ನಾವಿಕರು ಸರಕಿನ ಮೇಲೆ ಹೊದಿಸ್ತಿದ್ರು, ತಾವೂ ಹೊದ್ಕೋತಿದ್ರು. ಇಂಗ್ಲಿಷಿನಲ್ಲಿ ನಾವಿಕನಿಗೇ ‘ಟಾರ್’ ಅನ್ನೋ ಅಡ್ಡಹೆಸರು ಬಂತು. (ಕ್ಯಾನ್ವಾಸ್ ಪದದ ಮೂಲ ಕ್ಯಾನಬಿಸ್. ಹೌದು, ಅದೇ ಗಿಡ. ನಾರಿಗೂ ಬರ್ತಿತ್ತು ಅದು.)

ಟಾರು ಬಿಸಿಲಿಗೆ ಕರಗುತ್ತೆ, ಅಂಟುತ್ತೆ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಒಂದು ಉಪಾಯಕ್ಕೆ ಪೇಟೆಂಟ್ ತಗೊಂಡ. ಕಲ್ಲಿದ್ದಲ ಗ್ಯಾಸಿನ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಟಾರಿನಿಂದ ನ್ಯಾಫ್ತಾ ತೆಗೆದು, ಅದರಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿಬಿಡೋದು. ನೀರು ಒಳಗೆ ಬರೋದು ನಿಂತೇಹೋಯ್ತು. ಆದರೆ ಆ ಕೋಟು ಹಾಕ್ಕೊಂಡೋರು ಮಳೆಯಲ್ಲಿ ನೆನೆಯದೆ ತಮ್ಮ ಬೆವರಲ್ಲೇ ನೆನೀತಿದ್ರು! 1839ರಲ್ಲಿ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸೋ ವಿದ್ಯೆ ಕಂಡುಕೊಂಡ ಮೇಲೆ ಅಂಟೋದು ತಪ್ಪಿತು, ಬೆವರು ತಪ್ಪಲಿಲ್ಲ.

ಹನಿಯನ್ನ ತಡೆದು ಆವಿಯನ್ನ ಬಿಡೋ ಬಟ್ಟೆಗೆ ಇನ್ನೂ ನೂರು ವರ್ಷದ ಮೇಲೇ ಕಾಯಬೇಕಾಯ್ತು. 1955ರಲ್ಲಿ ಡುಪಾಂಟ್ ಕಂಪನಿಯ ಜಿಮ್ ವೈಟ್ ಅನ್ನೋರು ಪ್ರಯೋಗಾಲಯದ ಒಂದು ಪೈಪಿನಿಂದ ಬಿಳಿ ನಾರಿನಂಥದ್ದು ಹೊರಬರ್ತಿರೋದನ್ನ ಗಮನಿಸಿದ್ರು. ಅದೇ ಮುಂದೆ ಟೈವೆಕ್ ಆಗಿ 1967ರಲ್ಲಿ ಮಾರುಕಟ್ಟೆಗೆ ಬಂತು. 1969ರಲ್ಲಿ ಬಾಬ್ ಗೋರ್ ಬಿಸಿ ಟೆಫ್ಲಾನ್ ಕಡ್ಡಿಗಳನ್ನ ಮೆಲ್ಲಗೆ ಎಳೆದೆಳೆದು ನೋಡಿ, ಅವೆಲ್ಲ ತುಂಡಾಗಿ, ಕೊನೆಗೆ ರಪ್ಪನೆ ಜಗ್ಗಿದಾಗ ಒಂದು ಕಡ್ಡಿ ಹತ್ತಿಯ ಹಾಗೆ ಹಿಗ್ಗಿತು. ಅದರ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ಆವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡವು. ಅದು ಗೋರ್‌ಟೆಕ್ಸ್. ಇವತ್ತು ಒಳ್ಳೆ ಕಾರ್ ಕವರುಗಳಲ್ಲಿ ಇರೋ ನೇಯದ, ಪದರ ಪದರದ ಬಟ್ಟೆಗಳ ಲೆಕ್ಕಾಚಾರವೂ ಇದೇ.

ನಮ್ಮ ಮಾವನ ಮನೇಲಿದ್ದದ್ದು ಮಾತ್ರ ನೀಲಿ ಪ್ಲಾಸ್ಟಿಕ್ ಟಾರ್ಪಾಲು. ಅಂದರೆ ಸಾಮಾನು ಹೊಸದು, ಬುದ್ಧಿ 1823ರದ್ದು.

ಮಾವ, ಅಂದ್ರೆ ಅಮ್ಮನ ಅಣ್ಣ, ಬ್ಯಾಂಕಿನಲ್ಲಿದ್ದು ಸ್ವಯಂನಿವೃತ್ತಿ ತಗೊಂಡೋರು. 2005ರಲ್ಲಿ ಇಡೀ ಬನಶಂಕರಿ ನಗೋ ಹಾಗೆ ಒಂದು ರೇವಾ ತಂದ್ರು. ನಿಮಗೆ ನೆನಪಿರಬೇಕು, ಎರಡು ಬಾಗಿಲಿನ ಪುಟಾಣಿ ಕಾರು, ಮುಂದೆ ಇಬ್ಬರು ದೊಡ್ಡೋರು, ಹಿಂದೆ ಇಬ್ಬರು ಮಕ್ಕಳು. ಆ ಹಿಂದಿನ ಸೀಟು ನಂದು. ‘ಆಟದ ಸಾಮಾನು’ ಅಂತ ರೇಗಿಸ್ತಿದ್ದವರಿಗೆ ಗೊತ್ತಿರದಿದ್ದ ವಿಷಯ ಏನಂದ್ರೆ, ಅದು ನಮ್ಮ ಬೊಮ್ಮಸಂದ್ರದಲ್ಲಿ ತಯಾರಾಗಿ ಲಂಡನ್ನಿಗೆ ಹೋಗ್ತಿತ್ತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿ ಕಾರಿನ ತಂಡದಲ್ಲಿದ್ದ ಚೇತನ್ ಮೈನಿ, 1994ರಲ್ಲಿ ಅಮೆರಿಕದ ಅಮೆರಿಗಾನ್ ಜೊತೆ ಸೇರಿ ಶುರುಮಾಡಿದ ಕಂಪನಿ ಅದು. 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗಿಳೀತು. 2003ರಲ್ಲಿ ಲಂಡನ್ನಿನ ನಡುಪೇಟೆಗೆ ದಟ್ಟಣೆ ಶುಲ್ಕ ಬಂತು, ಎಲೆಕ್ಟ್ರಿಕ್ಕಿಗೆ ಮಾಫಿ ಇತ್ತು. ಮರುವರ್ಷದಿಂದ ರೇವಾ ಅಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. ಎಲ್ಲಾ ಸೇರಿ ಮಾರಿದ್ದು 4 ಸಾವಿರ ಚಿಲ್ಲರೆ ಅಷ್ಟೇ. 2010ರಲ್ಲಿ ಮಹೀಂದ್ರ ಕಂಪನಿಯ ಬಹುಪಾಲನ್ನ ಕೊಂಡಿತು.

ರೇವಾದ ಹೊರಮೈ ಎಬಿಎಸ್ ಪ್ಲಾಸ್ಟಿಕ್, ಒಳಗೆ ಉಕ್ಕಿನ ಚೌಕಟ್ಟು. ಸೀಟಿನ ಕೆಳಗೆ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿ. ಮನೆಯ 15 ಆಂಪ್ ಪ್ಲಗ್ಗಿಗೆ ಹಾಕಿದ್ರೆ ಆಯ್ತು. ಆಗಾಗ ಡಿಸ್ಟಿಲ್ಡ್ ವಾಟರ್ ಕೊಡಬೇಕು. ಅಂದರೆ ಮಳೆಯಿಂದ ಕಾಪಾಡಬೇಕಾದ್ದು ಮೈಯನ್ನಲ್ಲ, ಒಳಗನ್ನ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತೆ, ಗಾಳಿ ಬೇಕು. ಸುಮ್ಮನೆ ಬಿಟ್ರೆ ತಾನಾಗೇ ಇಳಿಯುತ್ತೆ, ಇಳಿದ ಬ್ಯಾಟರಿಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳು ಕಟ್ಟುತ್ತೆ. ಆಮೇಲೆ ಅದು ಬಹುಮಟ್ಟಿಗೆ ವಾಪಸ್ ಬರಲ್ಲ.

2011ರ ಜೂನ್‌ನಲ್ಲಿ ಮಾವ, ಅತ್ತೆ ಇಬ್ಬರೂ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟ್ರು. “ವಾರಕ್ಕೊಂದ್ಸಲ ಚಾರ್ಜ್ ಹಾಕೋ, ಮರೀಬೇಡ ಕಣೋ” ಅಂತ ಬೀಗದಕೈ ನನಗೆ ಕೊಟ್ರು. ಟಾರ್ಪಾಲು ಕಟ್ಟಿದ್ದೂ ನಾನೇ. ನೆಲಕ್ಕೆ ತಾಗೋವರೆಗೆ ಇಳಿಸಿ, ನೈಲಾನ್ ಹಗ್ಗ ನಾಲ್ಕು ಸುತ್ತು ಸುತ್ತಿ ಬಿಗಿದಿದ್ದೆ. “ಶಹಭಾಷ್! ಇರುವೆ ನುಗ್ಗಕ್ಕೂ ಜಾಗ ಬಿಟ್ಟಿಲ್ವಲ್ಲೋ” ಅಂದಿದ್ರು ಮಾವ.

ಮೊದಲ ತಿಂಗಳು ಸರಿಯಾಗೇ ಹೋದೆ. ಆಮೇಲೆ ಮಳೆ. ಒದ್ದೆ ಹಗ್ಗದ ಗಂಟು ಬಿಚ್ಚೋದು, ಮೇಲೆ ನಿಂತ ನೀರು ಮೈಮೇಲೆ ಸುರಿದುಕೊಳ್ಳೋದು, ಮತ್ತೆ ಕಟ್ಟೋದು... ಒಂದು ವಾರ ಬಿಟ್ಟೆ. ಆಮೇಲೆ ಗೇಟಿನಿಂದಲೇ ನೋಡಿ ಬರ್ತಿದ್ದೆ. ಟಾರ್ಪಾಲು ಹಾಗೇ ಇರ್ತಿತ್ತು, ಅಚ್ಚುಕಟ್ಟಾಗಿ. ಫೋನಿನಲ್ಲಿ ಮಾವ ಕೇಳಿದಾಗೆಲ್ಲ “ಹಾಕ್ತಿದೀನಿ ಮಾವ” ಅಂತಿದ್ದೆ.

ಡಿಸೆಂಬರ್‌ನಲ್ಲಿ ಬಿಚ್ಚಿದ್ವಿ. ಮೊದಲು ಬಂದದ್ದು ವಾಸನೆ. ಹಗಲು ಬಿಸಿಲಿಗೆ ನೆಲದ ತೇವ ಆವಿಯಾಗಿ ಮೇಲೇಳೋದು, ರಾತ್ರಿ ತಣ್ಣಗಾದಾಗ ಟಾರ್ಪಾಲಿನ ಒಳಮೈಗೆ ಬಡಿದು ತೊಟ್ಟಿಕ್ಕೋದು, ಆರು ತಿಂಗಳು ಇದೇ ನಡೆದಿತ್ತು. ಸೀಟಿನ ಮೇಲೆ ಬೂಸ್ಟು, ಕನೆಕ್ಟರುಗಳ ತಾಮ್ರ ಹಸಿರು. ವೈರಿನ ನಡುವೆ ಇಲಿ ಗೂಡು. ಪ್ಲಗ್ ಹಾಕಿದ್ರೆ ಎಂಟೂ ಬ್ಯಾಟರಿ ಮಿಸುಕಲಿಲ್ಲ. “ಹಳೇ ಬ್ಯಾಟರಿ ಅಲ್ವೇನೋ, ಆಯಸ್ಸು ಮುಗೀತು” ಅಂದ್ರು ಮಾವ. ನಾನು ಹೂಂ ಅಂದೆ. 2012ರಲ್ಲಿ ಅದನ್ನ ಗುಜರಿಯವನು ಎಳ್ಕೊಂಡು ಹೋದ. ಅದರ ಬ್ಯಾಟರಿ ಬದಲಾಯಿಸಿ ಮೂರು ವರ್ಷವೂ ಆಗಿರಲಿಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಈಗಿನ ಕಾರಿನ ಲಿಥಿಯಂ ಬ್ಯಾಟರಿ ಅಷ್ಟು ಬೇಗ ಸೋಲಲ್ಲ, ಅರ್ಧದಷ್ಟು ಚಾರ್ಜ್ ಇಟ್ಟು ಹೋದ್ರೆ ತಿಂಗಳುಗಟ್ಟಲೆ ಇರುತ್ತೆ. ಆದರೆ ಬೀಗ, ಕಂಪ್ಯೂಟರ್ ಎಲ್ಲ ನಡೆಸೋದು 12 ವೋಲ್ಟಿನ ಇನ್ನೊಂದು ಪುಟ್ಟ ಬ್ಯಾಟರಿ. ಬಹಳಷ್ಟು ಕಾರುಗಳಲ್ಲಿ ಅದು ಇವತ್ತಿಗೂ ಸೀಸದ್ದೇ! ಅದು ಸತ್ರೆ ದೊಡ್ಡದು ತುಂಬಿದ್ರೂ ಬಾಗಿಲು ತೆಗೆಯೋದೇ ಕಷ್ಟ.

ಅಂಗಡಿಯಲ್ಲಿ ಕೊನೆಗೆ ಬೂದು ಬಣ್ಣದ, ಮೂರು ಪದರದ್ದು ತಗೊಂಡೆ. ಒಳಗೆ ಮೆತ್ತನೆ ಹತ್ತಿ, ಹೊಟ್ಟೆಯ ಕೆಳಗೆ ಬೆಲ್ಟು. ಬಾಯಿಗಿಟ್ಟು ಊದಿ ನೋಡಿದೆ, ಉಸಿರು ಆಚೆ ಬಂತು. ಭಾರೀ ಮಳೆ ಬಂದ್ರೆ ಸ್ವಲ್ಪ ಒದ್ದೆಯಾಗುತ್ತೆ, ಆಗಲಿ, ಒಣಗುತ್ತೆ. ಧೂಳು ಒರೆಸದೆ ಹೊದಿಸಲ್ಲ, ಇಲ್ಲದಿದ್ರೆ ಗಾಳಿಗೆ ಕವರೇ ಮರಳುಕಾಗದದ ಕೆಲಸ ಮಾಡುತ್ತೆ. ಚಾರ್ಜ್ ಆಗುವಾಗ ಮುಂಭಾಗ ಎತ್ತಿಡ್ತೀನಿ, ಅಲ್ಲಿ ಫ್ಯಾನು ತಿರುಗುತ್ತೆ.

ಭಾನುವಾರ ಮಾವ ಬಂದಿದ್ರು. ಅದಕ್ಕೆ ಮುಂಚೆ, ಶನಿವಾರ ರಾತ್ರಿಯೇ, ಇಲ್ಲಿವರೆಗೆ ಬರೆದಿದ್ದನ್ನ ಅವರಿಗೆ ಕಳಿಸಿದ್ದೆ. ಓದಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕಾಫಿ ಕುಡಿದು ಹೊರಗೆ ಹೋಗಿ, ಕವರಿನ ಅಂಚು ಎತ್ತಿ ಒಳಗೆ ಕೈ ಹಾಕಿ ಬಾನೆಟ್ ಸವರಿದ್ರು. ಬೆರಳುಗಳನ್ನ ಒಂದಕ್ಕೊಂದು ಉಜ್ಜಿ ನೋಡ್ಕೊಂಡ್ರು.

“ಚಾರ್ಜ್ ಎಷ್ಟಿದೆಯೋ?”

“ಅರವತ್ತೆರಡು, ಮಾವ.”

“ನಿಜವಾಗ್ಲೂ?” ಅಂದ್ರು. ಒಳಗೆ ಹೋಗಿ ಕೀ ತಂದು, ಬಾಗಿಲು ತೆಗೆದು ತೋರಿಸಿದೆ.