ಗೃಹೋಪಯೋಗಿ ವಿದ್ಯುತ್ ಹಾಗೂ ಎಲೆಕ್ಟ್ರಾನಿಕ್ ಉಪಕರಣಗಳ ಖರೀದಿ: ಗ್ರಾಹಕರ ತಿಳಿವಳಿಕೆಗಾಗಿ

ಪೀಠಿಕೆ

ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಟಿ.ವಿ. ಮುಂತಾದ ಉಪಕರಣಗಳನ್ನು ಸಾಮಾನ್ಯ ಕುಟುಂಬವೊಂದು ಹಲವು ವರ್ಷಗಳಿಗೊಮ್ಮೆ ಮಾತ್ರ ಕೊಳ್ಳುತ್ತದೆ. ಅದಕ್ಕಾಗಿ ಹಲವು ತಿಂಗಳ ಉಳಿತಾಯವನ್ನೋ ಕಂತಿನ ಸಾಲವನ್ನೋ ವಿನಿಯೋಗಿಸಿರುತ್ತದೆ. ಊರಿನ ಅಂಗಡಿಯಲ್ಲಿ ಕೊಳ್ಳುವವರಿಗೆ ವಸ್ತುವನ್ನು ಕಣ್ಣಾರೆ ನೋಡಿ, ಚೌಕಾಸಿ ಮಾಡಿ ಕೊಳ್ಳುವ ಅನುಕೂಲವಿದೆ. ಅಂಗಡಿಯ ಮಾಲೀಕರು ಪರಿಚಯದವರೂ ಆಗಿರಬಹುದು. ಈ ಪರಿಚಯದ ಭರವಸೆಯಿಂದಲೇ ಅನೇಕರು ಬಿಲ್ಲು ಕೇಳದೆ, ವಾರಂಟಿ ಕಾರ್ಡಿಗೆ ಮೊಹರು ಹಾಕಿಸದೆ ಮನೆಗೆ ಮರಳುತ್ತಾರೆ. ಉಪಕರಣವು ಕೆಟ್ಟಾಗ ಅಂಗಡಿಯವರು ಕಂಪನಿಯತ್ತ, ಕಂಪನಿಯವರು ಅಂಗಡಿಯತ್ತ ಕೈತೋರುವುದು ಸಾಮಾನ್ಯ ಅನುಭವ. ಆಗ ಗ್ರಾಹಕರಿಗೆ ಪರಿಹಾರ ದೊರೆಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಖರೀದಿಯ ದಿನ ಅವರು ಪಡೆದುಕೊಂಡ ಕಾಗದಪತ್ರಗಳ ಮೇಲೆ ನಿಂತಿರುತ್ತದೆ.

ಈ ವಿಷಯದಲ್ಲಿ ಪ್ರಸ್ತುತ ಜಾರಿಯಲ್ಲಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019. ಇದು 1986ರ ಅಧಿನಿಯಮದ ಸ್ಥಾನದಲ್ಲಿ 2020ರ ಜುಲೈ ತಿಂಗಳಿನಿಂದ ಜಾರಿಗೆ ಬಂದಿದೆ. ಹಿಂದಿನ ಗ್ರಾಹಕರ ವೇದಿಕೆಗಳನ್ನು ಈಗ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಗಳೆಂದು ಕರೆಯಲಾಗುತ್ತದೆ.

ಅಂಗಡಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಗರಿಷ್ಠ ಮಾರಾಟ ಬೆಲೆಯು ಎಲ್ಲಾ ತೆರಿಗೆಗಳನ್ನು ಒಳಗೊಂಡಿರುತ್ತದೆ. ಅದರ ಮೇಲೆ ಮತ್ತೆ ಜಿ.ಎಸ್.ಟಿ. ಸೇರಿಸಲು ಅವಕಾಶವಿಲ್ಲ. ಆದರೆ ಆ ಬೆಲೆಯು ಗರಿಷ್ಠ ಮಿತಿ ಮಾತ್ರವೆಂಬುದನ್ನು ಗ್ರಾಹಕರು ಗಮನಿಸತಕ್ಕದ್ದು. ಬಹುತೇಕ ಅಂಗಡಿಗಳು ಅದಕ್ಕಿಂತ ಕಡಿಮೆ ದರಕ್ಕೆ ಮಾರುವುದರಿಂದ, ಮುದ್ರಿತ ಬೆಲೆಯಿಂದ ಲೆಕ್ಕ ಹಾಕಿದ ರಿಯಾಯಿತಿಯನ್ನು ನೋಡಿ ಹಿಗ್ಗುವುದಕ್ಕಿಂತ ಇನ್ನೆರಡು ಅಂಗಡಿಗಳಲ್ಲಿ ದರ ವಿಚಾರಿಸುವುದು ಲೇಸು.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಗೀಸರ್, ಇಮ್ಮರ್ಷನ್ ಹೀಟರ್ ಮುಂತಾದವುಗಳ ಮೇಲೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಗುರುತಿನೊಂದಿಗೆ ಇರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿ.ಐ.ಎಸ್. ಕೇರ್’ ಮೊಬೈಲ್ ತಂತ್ರಾಂಶದಲ್ಲಿ ನಮೂದಿಸಿ ಅದು ನೈಜವೇ ಎಂದು ಸ್ಥಳದಲ್ಲಿಯೇ ತಿಳಿಯಬಹುದು. ನೀರಿನಲ್ಲಿ ಮುಳುಗಿಸುವ ಹೀಟರಿನ ವಿಷಯದಲ್ಲಿ ಇದು ಕೇವಲ ಹಣದ ಪ್ರಶ್ನೆಯಲ್ಲ.

ಫ್ರಿಜ್ ಮತ್ತು ಹವಾನಿಯಂತ್ರಕಗಳ ಮೇಲೆ ಅಂಟಿಸಿರುವ ನಕ್ಷತ್ರದ ಚೀಟಿಯಲ್ಲಿ ನಕ್ಷತ್ರಗಳ ಸಂಖ್ಯೆಯ ಜೊತೆಗೆ ವರ್ಷವನ್ನೂ ಓದಿರಿ. ನಕ್ಷತ್ರಗಳ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸಲಾಗುವುದರಿಂದ ಕೆಲವು ವರ್ಷಗಳ ಹಿಂದಿನ ಐದು ನಕ್ಷತ್ರದ ಮಾದರಿಯು ಇಂದಿನ ಐದು ನಕ್ಷತ್ರಕ್ಕೆ ಸಮನಾಗಿರಬೇಕೆಂದಿಲ್ಲ. ಚೀಟಿಯಲ್ಲಿರುವ ವಾರ್ಷಿಕ ಯೂನಿಟ್‌ಗಳ ಸಂಖ್ಯೆಯೇ ವಿದ್ಯುತ್ ಬಿಲ್ಲಿಗೆ ಹೆಚ್ಚು ಹತ್ತಿರದ ಮಾಹಿತಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ವಸ್ತುವನ್ನು ಕಡಿಮೆ ಬೆಲೆಗೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಪ್ರದರ್ಶನದ ವಸ್ತುವೆಂಬುದನ್ನೂ, ಅದಕ್ಕೆ ಪೂರ್ಣ ವಾರಂಟಿ ಇದೆಯೆಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು.

ಹವಾನಿಯಂತ್ರಕ ಕೊಳ್ಳುವವರು ಅಳವಡಿಕೆಯ ವೆಚ್ಚವನ್ನು ಮುಂಚಿತವಾಗಿ ಕೇಳಿ ತಿಳಿಯುವುದು ಅಗತ್ಯ. ಹೆಚ್ಚುವರಿ ತಾಮ್ರದ ಕೊಳವೆಗೆ ಮೀಟರಿನ ಲೆಕ್ಕ, ಹೊರಘಟಕದ ಸ್ಟ್ಯಾಂಡು, ಸ್ಟೆಬಿಲೈಸರ್ ಇವೆಲ್ಲ ಬೆಲೆಯಲ್ಲಿ ಸೇರಿರುವುದಿಲ್ಲವೆಂಬುದು ಅನೇಕರಿಗೆ ಗೊತ್ತಾಗುವುದು ಕೆಲಸಗಾರನು ಗೋಡೆಗೆ ರಂಧ್ರ ಕೊರೆದ ಮೇಲೆಯೇ.

ಬಿಲ್ಲು ಪಡೆಯುವುದು ಗ್ರಾಹಕರ ಹಕ್ಕು

“ಬಿಲ್ಲು ಬೇಡವಾದರೆ ತೆರಿಗೆಯಷ್ಟು ಕಡಿಮೆ ಮಾಡಿಕೊಡುತ್ತೇವೆ” ಎಂಬ ಮಾತನ್ನು ಗ್ರಾಹಕರು ಆಗಾಗ ಕೇಳಿರಬಹುದು. ಕೆಲವು ಕಡೆ ಬಿಲ್ಲಿನ ಬದಲು ‘ಎಸ್ಟಿಮೇಟ್’ ಅಥವಾ ‘ಕೊಟೇಷನ್’ ಎಂದು ಮುದ್ರಿಸಿದ ಚೀಟಿಯನ್ನು ನೀಡಲಾಗುತ್ತದೆ. ಅದರಲ್ಲಿ ಮೊತ್ತವಿರುತ್ತದೆ, ಅಂಗಡಿಯ ಹೆಸರು ಇರುವುದಿಲ್ಲ. ಅಂತಹ ಚೀಟಿಯನ್ನು ನಂಬಿ ಹಣ ಕೊಟ್ಟವರು ಕೆಲವು ಸಾವಿರ ರೂಪಾಯಿಗಳ ಉಳಿತಾಯಕ್ಕಾಗಿ ವಾರಂಟಿಯ ಆಧಾರವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಖರೀದಿಯ ದಿನಾಂಕವನ್ನು ಸ್ಥಾಪಿಸುವ ದಾಖಲೆ ಇಲ್ಲದಿದ್ದಲ್ಲಿ ಉಚಿತ ದುರಸ್ತಿಯನ್ನು ಕಂಪನಿಯು ನಿರಾಕರಿಸುವ ಸಂಭವವೇ ಹೆಚ್ಚು.

2019ರ ಅಧಿನಿಯಮದ 2(47)ನೇ ಪ್ರಕರಣದ ಮೇರೆಗೆ ಬಿಲ್ಲು, ನಗದು ಚೀಟಿ ಅಥವಾ ರಸೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ಬಿಲ್ಲಿನಲ್ಲಿ ಮಾರಾಟಗಾರರ ಹೆಸರು ಮತ್ತು ವಿಳಾಸ, ಕ್ರಮಸಂಖ್ಯೆ, ದಿನಾಂಕ, ಗ್ರಾಹಕರ ಹೆಸರು, ವಸ್ತುವಿನ ವಿವರ, ರಿಯಾಯಿತಿ, ತೆರಿಗೆಯ ದರ ಹಾಗೂ ಸಹಿ ಇರಬೇಕು. ಇವುಗಳ ಜೊತೆಗೆ ಉಪಕರಣದ ಮಾದರಿ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆಯನ್ನೂ (ಮೊಬೈಲ್ ಆದಲ್ಲಿ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯನ್ನೂ) ಬರೆಸಿಕೊಳ್ಳತಕ್ಕದ್ದು. ಇದೇ ಉಪಕರಣವನ್ನು ಇದೇ ಅಂಗಡಿಯಲ್ಲಿ ಕೊಂಡದ್ದು ಎಂಬುದನ್ನು ತೋರಿಸಲು ಇದಕ್ಕಿಂತ ಉತ್ತಮ ಸಾಕ್ಷ್ಯವಿಲ್ಲ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಸಣ್ಣ ವರ್ತಕರು ಗ್ರಾಹಕರಿಂದ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲವಾದರೂ ಬಿಲ್ಲು ನೀಡುವುದರಿಂದ ಅವರಿಗೆ ವಿನಾಯಿತಿ ಇಲ್ಲ.

ಶಾಖದಿಂದ ಮುದ್ರಿತವಾಗುವ ನುಣುಪು ಕಾಗದದ ಬಿಲ್ಲುಗಳಲ್ಲಿ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದುಂಟು. ಅದೇ ದಿನ ನೆರಳಚ್ಚು ಪ್ರತಿ ಮಾಡಿಸಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳಿರಿ. ಬಿಲ್ಲಿಲ್ಲದೆ ಈಗಾಗಲೇ ಖರೀದಿಸಿದವರು ಯು.ಪಿ.ಐ. ಅಥವಾ ಬ್ಯಾಂಕ್ ಪಾವತಿಯ ವಿವರ, ಅಂಗಡಿಯವರೊಂದಿಗಿನ ಸಂದೇಶಗಳು, ಮೊಹರು ಹಾಕಿದ ವಾರಂಟಿ ಕಾರ್ಡು ಇವುಗಳನ್ನು ಸಂಗ್ರಹಿಸಿಟ್ಟುಕೊಳ್ಳುವುದು. ಇವು ಬಿಲ್ಲಿಗೆ ಸಮನಲ್ಲದಿದ್ದರೂ ನಿರುಪಯುಕ್ತವೇನಲ್ಲ.

ಮಗನು ಬೆಂಗಳೂರಿನಲ್ಲಿ ಹಣ ಪಾವತಿಸಿ ಹಾವೇರಿಯಲ್ಲಿರುವ ತಾಯಿಗೆ ಫ್ರಿಜ್ ಕೊಡಿಸಿದ್ದಲ್ಲಿ ಅಥವಾ ಮದುವೆಯ ಉಡುಗೊರೆಯಾಗಿ ಮಿಕ್ಸಿ ಬಂದಿದ್ದಲ್ಲಿ, ಬಿಲ್ಲು ತಮ್ಮ ಹೆಸರಿನಲ್ಲಿಲ್ಲವೆಂದು ಬಳಸುವವರು ಹಿಂಜರಿಯಬೇಕಾಗಿಲ್ಲ. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕರೇ. ಆದರೆ ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರಾಗುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಸಣ್ಣ ಅಂಗಡಿ ನಡೆಸುವವರು ಅದಕ್ಕೆಂದು ಕೊಂಡ ಉಪಕರಣಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ವಾರಂಟಿ ಮತ್ತು ಅಂಗಡಿಯ ಹೊಣೆ

ಬಿಲ್ಲಿನ ಕೆಳಗೆ “ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ” ಎಂದು ಮುದ್ರಿಸಿದ ಮಾತ್ರಕ್ಕೆ ಮಾರಾಟಗಾರರ ಹೊಣೆ ಮುಗಿಯುವುದಿಲ್ಲ. ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದಲ್ಲಿ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರುಪಾವತಿಸಲು ನಿರಾಕರಿಸುವುದು ಸಹ ಮೇಲ್ಕಂಡ ಪ್ರಕರಣದಡಿ ಅನುಚಿತ ವ್ಯಾಪಾರ ಪದ್ಧತಿಯೇ. ಇದು ದೋಷವಿರುವ ವಸ್ತುವಿಗೆ ಸಂಬಂಧಿಸಿದ್ದು. ಬಣ್ಣ ಹಿಡಿಸಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಹಿಡಿಯಲಿಲ್ಲ ಎಂಬ ಕಾರಣಗಳಿಗೆ ಇದನ್ನು ಅನ್ವಯಿಸಲು ಬಾರದು. ಅಳತೆಯನ್ನು ಖರೀದಿಗೆ ಮೊದಲೇ ತೆಗೆದುಕೊಂಡು ಹೋಗುವುದು.

ಕಂಪನಿಯ ತಂತ್ರಜ್ಞರು ಬಂದು ಅಳವಡಿಸಿ ತೋರಿಸುವವರೆಗೆ ಪೆಟ್ಟಿಗೆ ಮತ್ತು ಥರ್ಮೋಕೋಲನ್ನು ಎಸೆಯದಿರಿ. ಸಾಗಣೆಯಲ್ಲಿ ತಗ್ಗು ಬಿದ್ದಿದ್ದರೆ, ಟಿ.ವಿ.ಯ ಪರದೆ ಸೀಳಿದ್ದರೆ ತಲುಪಿಸಿದ ರಸೀದಿಯ ಮೇಲೆಯೇ ಬರೆದು ಸಹಿ ಮಾಡತಕ್ಕದ್ದು. ಮರುದಿನ ತಿಳಿಸಿದಲ್ಲಿ ಹಾನಿಯು ಮನೆಯಲ್ಲಿಯೇ ಆಯಿತೆಂದು ವಾದಿಸಲು ಆಸ್ಪದವಾಗುತ್ತದೆ.

‘10 ವರ್ಷ ವಾರಂಟಿ’ ಎಂಬ ದೊಡ್ಡ ಅಕ್ಷರಗಳು ಸಾಮಾನ್ಯವಾಗಿ ಫ್ರಿಜ್ಜಿನ ಕಂಪ್ರೆಸರ್ ಅಥವಾ ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಮಾತ್ರ ಅನ್ವಯಿಸುತ್ತವೆ. ಉಳಿದ ಭಾಗಗಳ ಅವಧಿ ಬಹಳ ಕಡಿಮೆಯಿರುತ್ತದೆ. ಆರನೇ ವರ್ಷದಲ್ಲಿ ಕಂಪ್ರೆಸರ್ ಉಚಿತವಾಗಿ ದೊರೆತರೂ ಅನಿಲ ತುಂಬಿಸುವ ಹಾಗೂ ಕೆಲಸದ ಕೂಲಿಯನ್ನು ಗ್ರಾಹಕರೇ ಭರಿಸಬೇಕಾಗಿ ಬರಬಹುದು. ಅಂಗಡಿಯಲ್ಲಿ ಹಣ ಪಡೆದು ನೀಡುವ ವಿಸ್ತರಿತ ವಾರಂಟಿಯ ಬಗ್ಗೆ ಹೆಚ್ಚಿನ ಎಚ್ಚರಿಕೆ ಅಗತ್ಯ. ಅದನ್ನು ನೀಡುತ್ತಿರುವವರು ತಯಾರಕರೇ, ಅಂಗಡಿಯವರೇ ಅಥವಾ ಮೂರನೆಯ ಸಂಸ್ಥೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ, ಪ್ರತ್ಯೇಕ ಪ್ರಮಾಣಪತ್ರವನ್ನು ಪಡೆಯಿರಿ.

ದುರಸ್ತಿಗಾಗಿ ಕರೆ ಮಾಡಿದಾಗ ದೊರೆಯುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪ್ರತಿ ಭೇಟಿಯ ನಂತರ ಜಾಬ್ ಶೀಟಿನ ಪ್ರತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ದೋಷವೇನೆಂದು ಬರೆದಿರದಿದ್ದರೆ ಸಹಿ ಹಾಕಬಾರದು. ಒಮ್ಮೆ ದುರಸ್ತಿಯಾದ ಕಾರಣಕ್ಕೇ ಹೊಸ ಉಪಕರಣವನ್ನು ಆಗ್ರಹಿಸಲು ಬಾರದು. ಆದರೆ ಅದೇ ದೋಷ ಮೂರು ನಾಲ್ಕು ಬಾರಿ ಮರುಕಳಿಸಿದ್ದನ್ನು ತೋರಿಸುವ ಜಾಬ್ ಶೀಟುಗಳು ತಯಾರಿಕಾ ದೋಷವಿದೆಯೆಂಬ ವಾದಕ್ಕೆ ಬಲವಾದ ಆಧಾರವಾಗುತ್ತವೆ.

ಗ್ರಾಮೀಣ ಭಾಗದ ಗ್ರಾಹಕರಿಗೆ ಹೇಳಲಾಗುವ ಇನ್ನೊಂದು ಕಾರಣ “ನಿಮ್ಮಲ್ಲಿ ವೋಲ್ಟೇಜ್ ಸರಿಯಿಲ್ಲ, ವಾರಂಟಿ ಬರುವುದಿಲ್ಲ” ಎಂಬುದು. ಇದು ಕೆಲವೊಮ್ಮೆ ನಿಜವೂ ಹೌದು. ಆದರೆ ಹಾಗೆ ಹೇಳುವ ತಂತ್ರಜ್ಞರು ಮಾಪಕದಿಂದ ಅಳೆದ ವೋಲ್ಟೇಜನ್ನು ಜಾಬ್ ಶೀಟಿನಲ್ಲಿ ದಾಖಲಿಸುವಂತೆ ಕೋರುವುದು ಗ್ರಾಹಕರ ಹಿತದೃಷ್ಟಿಯಿಂದ ಅವಶ್ಯ. ವೋಲ್ಟೇಜ್ ನಿಜಕ್ಕೂ ಏರುಪೇರಾಗುತ್ತಿದ್ದಲ್ಲಿ 1912 ಸಂಖ್ಯೆಗೆ ಕರೆ ಮಾಡಿ ವಿದ್ಯುತ್ ಸರಬರಾಜು ಕಂಪನಿಗೆ ದೂರು ನೀಡಬಹುದು.

ಕಂತಿನ ಖರೀದಿ

‘ಶೂನ್ಯ ಬಡ್ಡಿ’ ಎಂಬುದೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್ ತಿಂಗಳ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿದೆ. ಉದಾಹರಣೆಗೆ, ನಗದಿಗೆ ರೂ. 22,500ಕ್ಕೆ ದೊರೆಯುವ ಉಪಕರಣವು ಕಂತಿನಲ್ಲಿ ರೂ. 24,000 ಆಗಿ, ಮೇಲೆ ರೂ. 500 ಸಂಸ್ಕರಣಾ ಶುಲ್ಕವಿದ್ದಲ್ಲಿ, ಆ ರೂ. 2,000 ಸಾಲದ ವೆಚ್ಚವೇ. ನಗದು ದರವನ್ನು ಮೊದಲು ಕೇಳಿ, ಕಂತಿನ ಮಾತನ್ನು ನಂತರ ಆಡುವುದು ಉಚಿತ. ಉಪಕರಣ ಕೆಟ್ಟಿತೆಂದು ಕಂತು ಕಟ್ಟುವುದನ್ನು ನಿಲ್ಲಿಸಬಾರದು. ಸಾಲದ ಕರಾರು ಪ್ರತ್ಯೇಕವಾದದ್ದು, ಬಾಕಿ ಉಳಿದಲ್ಲಿ ಮುಂದಿನ ಸಾಲಗಳಿಗೆ ತೊಡಕಾಗುತ್ತದೆ.

ಆಯುಧಪೂಜೆ, ದೀಪಾವಳಿಯ ಸಮಯದಲ್ಲಿ ಘೋಷಿಸುವ ಉಚಿತ ಉಡುಗೊರೆಯನ್ನು ನೀಡುವ ಉದ್ದೇಶವಿಲ್ಲದೆ ಪ್ರಕಟಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಜಾಹೀರಾತಿನ ಕರಪತ್ರವನ್ನು ಬಿಲ್ಲಿನೊಂದಿಗೆ ಇಟ್ಟುಕೊಳ್ಳಿರಿ.

ದೂರು ಸಲ್ಲಿಸುವ ವಿಧಾನ

ಮೊದಲಿಗೆ ಅಂಗಡಿ ಮತ್ತು ತಯಾರಕರು ಇಬ್ಬರಿಗೂ ಲಿಖಿತವಾಗಿ ತಿಳಿಸಿ, ಉತ್ತರಕ್ಕೆ 15 ದಿನಗಳಷ್ಟು ಕಾಲಾವಕಾಶ ನೀಡುವುದು ಸೂಕ್ತ. ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಅಥವಾ ಇ-ಮೇಲ್ ಮೂಲಕ ಕಳುಹಿಸಿ ಪ್ರತಿಯನ್ನು ಉಳಿಸಿಕೊಳ್ಳತಕ್ಕದ್ದು. ಇದರೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1915ಕ್ಕೆ ಕನ್ನಡದಲ್ಲಿಯೇ ಕರೆ ಮಾಡಿ ದೂರು ದಾಖಲಿಸಬಹುದು. ಸಹಾಯವಾಣಿಯು ದೂರನ್ನು ಕಂಪನಿಯ ಗಮನಕ್ಕೆ ತಂದು ಇತ್ಯರ್ಥಕ್ಕೆ ಪ್ರಯತ್ನಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಬಾಕಿಯಿರುವ ಕಾರಣಕ್ಕೆ ಆಯೋಗಕ್ಕೆ ಹೋಗುವ ಕಾಲಮಿತಿ ನಿಲ್ಲುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸುವುದು.

ಸದರಿ ಕಾಲಮಿತಿಯು ವ್ಯಾಜ್ಯ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳು. ವಿಳಂಬಕ್ಕೆ ಸಕಾರಣವಿದ್ದಲ್ಲಿ ಆಯೋಗವು ಮನ್ನಿಸಬಹುದಾದರೂ ಅದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

2021ರ ಡಿಸೆಂಬರ್‌ನಲ್ಲಿ ಹೊರಡಿಸಲಾದ ನಿಯಮಗಳಂತೆ, ಪಾವತಿಸಿದ ಬೆಲೆಯು ರೂ. 50 ಲಕ್ಷ ಮೀರದಿದ್ದಲ್ಲಿ ದೂರನ್ನು ಜಿಲ್ಲಾ ಆಯೋಗದಲ್ಲಿ ಸಲ್ಲಿಸಬೇಕು. ಆದುದರಿಂದ ಗೃಹೋಪಯೋಗಿ ಉಪಕರಣಗಳ ದೂರುಗಳೆಲ್ಲವೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತವೆ. ಬೆಲೆಯು ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ಖರೀದಿ ಬೇರೆ ಜಿಲ್ಲೆಯಲ್ಲಿ ನಡೆದಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ಉದ್ಯೋಗದಲ್ಲಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಕಂಪ್ಯೂಟರ್ ಕೊಂಡ ಬೀದರಿನ ನಿವಾಸಿಯು ಪ್ರತಿ ವಿಚಾರಣೆಗೂ ಬೆಂಗಳೂರಿಗೆ ಪ್ರಯಾಣಿಸುವ ಅಗತ್ಯವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. 2025ರ ಜನವರಿಯಿಂದ ಕಾರ್ಯಾರಂಭ ಮಾಡಿರುವ ‘ಇ-ಜಾಗೃತಿ’ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ.

ದೂರಿನಲ್ಲಿ ಅಂಗಡಿ, ತಯಾರಕರು ಹಾಗೂ ಅಗತ್ಯವಿದ್ದಲ್ಲಿ ಸೇವಾ ಕೇಂದ್ರ ಇವರೆಲ್ಲರನ್ನೂ ಎದುರುದಾರರನ್ನಾಗಿ ಹೆಸರಿಸತಕ್ಕದ್ದು. ಒಬ್ಬರನ್ನು ಕೈಬಿಟ್ಟಲ್ಲಿ ಹಾಜರಿರುವವರು ಹಾಜರಿಲ್ಲದವರ ಮೇಲೆ ಹೊಣೆ ಹೊರಿಸುವುದು ವಾಡಿಕೆ. ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಬರೆದು, ಕೋರುವ ಪರಿಹಾರ ಯಾವುದೆಂದು ಖಚಿತವಾಗಿ ನಮೂದಿಸಿ, ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟುಗಳು ಮತ್ತು ಪತ್ರವ್ಯವಹಾರದ ಪ್ರತಿಗಳನ್ನು ಪ್ರಮಾಣಪತ್ರದೊಂದಿಗೆ ಲಗತ್ತಿಸಬೇಕು. ಮೂಲ ದಾಖಲೆಗಳನ್ನು ಕೈಯಲ್ಲಿಯೇ ಇರಿಸಿಕೊಳ್ಳುವುದು.

ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಆಯೋಗವು ಅನುಮತಿಸಿದಲ್ಲಿ ಇನ್ನೂ 15 ದಿನಗಳ ಕಾಲಾವಕಾಶವಿದೆ. ದೋಷವನ್ನು ಪರೀಕ್ಷೆಯಿಂದಲೇ ನಿರ್ಣಯಿಸಬೇಕಾದಲ್ಲಿ ಆಯೋಗವು ಪ್ರಯೋಗಾಲಯದ ವರದಿ ತರಿಸುತ್ತದೆ. ಆದುದರಿಂದ ದೂರು ಬಾಕಿಯಿರುವಾಗ ಕೆಟ್ಟ ಉಪಕರಣವನ್ನು ಗುಜರಿಗೆ ಹಾಕಬಾರದು, ಹೊರಗಿನವರಿಂದ ಬಿಚ್ಚಿಸಲೂಬಾರದು. ಪರೀಕ್ಷೆ ಅಗತ್ಯವಿಲ್ಲದ ದೂರುಗಳನ್ನು ಸಾಧ್ಯವಾದಮಟ್ಟಿಗೆ 3 ತಿಂಗಳಲ್ಲಿ, ಪರೀಕ್ಷೆ ಅಗತ್ಯವಿರುವವುಗಳನ್ನು 5 ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು ಅಧಿನಿಯಮವು ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂಬುದನ್ನು ದೂರುದಾರರು ಮೊದಲೇ ತಿಳಿದಿರುವುದು ಒಳಿತು. ಉಭಯತರು ಒಪ್ಪಿದಲ್ಲಿ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಅವಕಾಶವಿದೆ.

ದೂರು ಸಾಬೀತಾದಲ್ಲಿ ದೋಷ ನಿವಾರಣೆ, ವಸ್ತುವಿನ ಬದಲಾವಣೆ, ಬಡ್ಡಿಸಹಿತ ಹಣದ ಮರುಪಾವತಿ, ಪರಿಹಾರ ಧನ ಹಾಗೂ ದಾವೆಯ ವೆಚ್ಚವನ್ನು ನೀಡುವಂತೆ ಆಯೋಗವು ಆದೇಶಿಸಬಹುದು. ಆದೇಶವನ್ನು ಒಪ್ಪದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಪಾವತಿಸುವಂತೆ ಆದೇಶವಾಗಿರುವವರು ಆ ಮೊತ್ತದ ಶೇಕಡ 50ರಷ್ಟನ್ನು ಠೇವಣಿ ಇಡದ ಹೊರತು ಅವರ ಮೇಲ್ಮನವಿಯನ್ನು ಸ್ವೀಕರಿಸಲಾಗುವುದಿಲ್ಲ. ಆದೇಶವನ್ನು ಪಾಲಿಸದಿದ್ದಲ್ಲಿ ದೂರುದಾರರು ಅದೇ ಆಯೋಗದಲ್ಲಿ ಜಾರಿ ಅರ್ಜಿಯನ್ನು ಸಲ್ಲಿಸತಕ್ಕದ್ದು. ಪಾಲಿಸದವರಿಗೆ 72ನೇ ಪ್ರಕರಣದಡಿ 1 ತಿಂಗಳಿಗೆ ಕಡಿಮೆಯಿಲ್ಲದ ಹಾಗೂ 3 ವರ್ಷಗಳವರೆಗಿನ ಕಾರಾವಾಸ, ಅಥವಾ ರೂ. 25,000ಕ್ಕೆ ಕಡಿಮೆಯಿಲ್ಲದ ಹಾಗೂ ರೂ. 1 ಲಕ್ಷದವರೆಗಿನ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.