ಕವಡೆಯ ಲೆಕ್ಕದಲ್ಲಿ ಬರೆಯದೆ ಉಳಿದದ್ದು

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಚೌಕಾಬಾರದಲ್ಲಿ ಮಕ್ಕಳು ಎಸೆಯುವ ಈ ಚಿಪ್ಪು ಒಂದು ಕಾಲಕ್ಕೆ ಎರಡು ಖಂಡಗಳಲ್ಲಿ ಹಣವಾಗಿ ಚಲಾವಣೆಯಲ್ಲಿದ್ದಿತು. ಅದು ಸಮುದ್ರದ ಪುಟ್ಟ ಬಸವನಹುಳುವೊಂದರ ಕವಚ. ಶಂಖ, ಚಿಪ್ಪುಗಳಲ್ಲಿ ವಾಸಿಸುವ ಇಂಥ ಪ್ರಾಣಿಗಳನ್ನು ನಮ್ಮ ಶಾಸ್ತ್ರಕಾರರು ಸ್ಪರ್ಶ, ರಸನಗಳೆಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಿಗಳೆಂದು ಗಣಿಸಿದ್ದಾರೆ.

ಹಣದ ಕವಡೆಯ ಮುಖ್ಯ ಆಕರ ಮಾಲ್ಡೀವ್ಸ್ ದ್ವೀಪಗಳು. 1343ರಲ್ಲಿ ಅಲ್ಲಿಗೆ ಬಂದು ಖಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತ ಈ ಉದ್ಯಮವನ್ನು ವರ್ಣಿಸಿದ್ದಾನೆ. ಸಮುದ್ರದಿಂದ ಆಯ್ದು ತಂದ ಪ್ರಾಣಿಗಳನ್ನು ದಡದ ಗುಂಡಿಗಳಲ್ಲಿ ಹಾಕುತ್ತಿದ್ದರು. ಮಾಂಸವೆಲ್ಲ ಅಳಿದು ಬಿಳಿಯ ಚಿಪ್ಪು ಮಾತ್ರ ಉಳಿಯುತ್ತಿದ್ದಿತು. ಅದನ್ನು ಬಂಗಾಳಕ್ಕೆ ಕೊಟ್ಟು ದ್ವೀಪದವರು ಅಕ್ಕಿಯನ್ನು ಪಡೆಯುತ್ತಿದ್ದರು. ಅಲ್ಲಿ ಒಂದು ಚಿನ್ನದ ದಿನಾರಿಗೆ ನಾಲ್ಕು ಲಕ್ಷ ಕವಡೆ. ಆಫ್ರಿಕದ ನೈಜರ್ ನದಿಯ ತೀರದಲ್ಲಿ ಅದೇ ಪ್ರವಾಸಿ ಕಂಡ ದರ ದಿನಾರಿಗೆ 1150.

ಬಂಗಾಳದಲ್ಲಿ 4 ಕವಡೆಗೆ ಒಂದು ಗಂಡ, 20 ಗಂಡಕ್ಕೆ ಒಂದು ಪಣ, 16 ಪಣಕ್ಕೆ ಒಂದು ಕಾಹನ. ನಾಲ್ಕು ಕಾಹನ, ಅಂದರೆ 5120 ಕವಡೆ, ಒಂದು ರೂಪಾಯಿಗೆ ಸಮವೆಂದು ಎಣಿಸುತ್ತಿದ್ದರು. ಬಡವರ ಚಿಲ್ಲರೆ ಖರೀದಿಗೆ ಇದಕ್ಕಿಂತ ಅನುಕೂಲವಾದ ನಾಣ್ಯವಿರಲಿಲ್ಲ.

ಮುಂದೆ ಡಚ್ಚರು ಮತ್ತು ಇಂಗ್ಲಿಷರು ಹಡಗುಗಳ ತಳಭಾರಕ್ಕೆಂದು ಕವಡೆಯನ್ನು ತುಂಬಿ ಯೂರೋಪಿಗೆ ಒಯ್ದರು. ಅಲ್ಲಿಂದ ಅದು ಪಶ್ಚಿಮ ಆಫ್ರಿಕಕ್ಕೆ ಹೋಗಿ, ಮನುಷ್ಯರನ್ನು ಗುಲಾಮರನ್ನಾಗಿ ಕೊಳ್ಳುವ ಹಣವಾಯಿತು. 18ನೆಯ ಶತಮಾನದಲ್ಲಿ ಹೀಗೆ ಸಾಗಿದ ಕವಡೆಗಳ ಸಂಖ್ಯೆ ಸುಮಾರು ಸಾವಿರ ಕೋಟಿ ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಆಮೇಲೆ ಪೂರ್ವ ಆಫ್ರಿಕದ ಇನ್ನೊಂದು ಜಾತಿಯ ಕವಡೆ ರಾಶಿರಾಶಿಯಾಗಿ ಬಂದು ಅದರ ಬೆಲೆಯೇ ಕುಸಿಯಿತು.

ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳನ್ನು 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿವರಿಸಿದ್ದಾರೆ. ತ್ರಸಜೀವಿಗಳ ಅಂಗಗಳನ್ನು ಅವು ದೊರೆಯುವ ಸ್ಥಳದಲ್ಲೇ ಕೊಂಡು ಮಾರುವುದು ದಂತವಾಣಿಜ್ಯ. ಮನುಷ್ಯ, ಪಶುಗಳ ಮಾರಾಟ ಕೇಶವಾಣಿಜ್ಯ. ಕವಡೆಯ ಹಾದಿಯ ಮೊದಲಲ್ಲಿ ಒಂದು, ಕೊನೆಯಲ್ಲಿ ಮತ್ತೊಂದು!

ನಡುವಿನ ವರ್ತಕನಾದರೋ ಕಂಡದ್ದು ತೊಳೆದು ಒಣಗಿಸಿದ ಶುಭ್ರವಾದ ಚಿಪ್ಪನ್ನು ಮಾತ್ರ. ಅವನ ತೂಕ ಸರಿಯಿತ್ತು, ಜಮಾಖರ್ಚು ತಾಳೆಯಾಗುತ್ತಿದ್ದಿತು. ದಡದ ಗುಂಡಿಯಾಗಲಿ ಸಂಕೋಲೆಯಾಗಲಿ ಅವನ ಖಾತೆಯ ಯಾವ ಕಲಮಿನಲ್ಲೂ ಬರಲಿಲ್ಲ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ವ್ಯಾಪಾರ ಶುದ್ಧವಾಗುವುದಿಲ್ಲ. ಅಂಗಡಿಯ ಸರಕಾಗಲಿ, ಬಸದಿಗೆ ಸಲ್ಲುವ ದಾನವಾಗಲಿ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವುದೂ ಅಹಿಂಸಾವ್ರತದ ಪಾಲನೆಯೇ ಆಗಿದೆ.