ಸೋದೆಯ ಅರಸರ ಗೋವಾ ವಾಸ: ನೆಲೆಯ ಆಯ್ಕೆಯನ್ನು ಕುರಿತು ಒಂದು ವಿವೇಚನೆ

ರಾಜ್ಯವನ್ನು ಆಳಿದವನು ತನ್ನ ಉಳಿದ ಆಯುಷ್ಯವನ್ನು ಪರರಾಜ್ಯದಲ್ಲಿ ಕಳೆಯಬೇಕಾಗಿ ಬಂದಾಗ ಯಾವ ನೆಲವನ್ನು ಆರಿಸಿಕೊಳ್ಳುತ್ತಾನೆ? ಆ ಆಯ್ಕೆಗೆ ಪ್ರೇರಕವಾಗುವ ಕಾರಣಗಳಾವುವು? ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಗಮನಾರ್ಹವಾದ ಒಂದು ನಿದರ್ಶನ ದೊರೆಯುತ್ತದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ದಾರಿಗೆ ಸಮೀಪದಲ್ಲಿರುವ ಸೋದೆಯು ಸ್ವಾದಿ, ಸೋಂದಾ, ಸುಧಾಪುರ ಎಂಬ ಹೆಸರುಗಳಿಂದಲೂ ಪ್ರಸಿದ್ಧವಾಗಿದೆ. ಹದಿನಾರನೆಯ ಶತಮಾನದ ಮಧ್ಯಭಾಗದಲ್ಲಿ ಅರಸಪ್ಪನಾಯಕನಿಂದ ಪ್ರಾಬಲ್ಯಕ್ಕೆ ಬಂದ ಈ ಅರಸುಮನೆತನವು ಸುಮಾರು ಎರಡು ಶತಮಾನಗಳ ಕಾಲ ಆಳಿತು. ಸಿದ್ದಾಪುರ ಸೀಮೆಯಲ್ಲಿ ಬಿಳಗಿಯ ಅರಸರು ಇವರ ನೆರೆಯವರಾಗಿದ್ದರು. ಅಡಿಕೆ, ಏಲಕ್ಕಿ, ಕಾಳುಮೆಣಸುಗಳೇ ಈ ನಾಡಿನ ಸಂಪತ್ತು. ಸೋದೆಯ ಮೆಣಸು ಕಾರವಾರದ ಆಂಗ್ಲ ಕೋಠಿಯ ಮೂಲಕ ಯುರೋಪಿಗೂ ಹೋಗುತ್ತಿತ್ತು. ಉಡುಪಿಯ ಅಷ್ಟಮಠಗಳಲ್ಲೊಂದರ ಯತಿಗಳಾದ ಶ್ರೀ ವಾದಿರಾಜರು 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. ಕರಾವಳಿಯ ಯತಿಗಳಿಗೆ ಕೊನೆಯ ನೆಲೆಯಾದ ಈ ಊರಿನ ಅರಸನು ಮುಂದೆ ಕರಾವಳಿಯಲ್ಲಿ ನೆಲೆಯನ್ನು ಅರಸಬೇಕಾಗಿ ಬಂದುದು ಇತಿಹಾಸದ ವೈಚಿತ್ರ್ಯವೇ ಸರಿ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಅದೇ ವರ್ಷದ ಕೊನೆಯ ವೇಳೆಗೆ ಅವನ ಸೈನ್ಯ ಸೋದೆಯ ಮೇಲೆ ಬಂದಿತು. ಇಮ್ಮಡಿ ಸದಾಶಿವನು ಪರಿವಾರದೊಡನೆ ಘಟ್ಟವನ್ನಿಳಿದು ಪೋರ್ತುಗೀಜರ ಆಶ್ರಯವನ್ನು ಪಡೆದನು. ಆಗ ಗೋವೆಯಲ್ಲಿ ಎಗಾದ ಕೌಂಟನು ವೈಸರಾಯನಾಗಿದ್ದನು.

ಮಳೆಯೂ ಚಳಿಜ್ವರವೂ ಹೆಚ್ಚಾಗಿದ್ದ ಕಾಡುನಾಡನ್ನು ಬಿಟ್ಟು ಬೆಚ್ಚಗಿನ ಕಡಲತೀರವನ್ನು ಸೇರಿದುದರಲ್ಲಿ ಹವೆಯ ಆಕರ್ಷಣೆಯೂ ಇದ್ದಿತೆಂದು ಯಾರಾದರೂ ಊಹಿಸಬಹುದು. ಆದರೆ ಈ ಊಹೆ ನಿಲ್ಲಲಾರದು. ಬೆಚ್ಚಗಿನ ಕರಾವಳಿಯು ಅರಸನ ಸ್ವಂತ ರಾಜ್ಯದಲ್ಲಿಯೇ ಇದ್ದಿತು. ಕಾಳೀನದಿಯ ಮುಖದಲ್ಲಿರುವ ಸದಾಶಿವಗಡವು ಅವನ ಮನೆತನದವರೇ ಕಟ್ಟಿಸಿದ ಕೋಟೆ. ಅದೂ ಹೈದರನ ವಶವಾದುದರಿಂದ ಆ ದಾರಿ ಮುಚ್ಚಿತು. ಹೀಗಾಗಿ ಸುಖವಾಸಕ್ಕಿಂತ ಸುರಕ್ಷಿತತೆಯೇ ಮುಖ್ಯವಾಯಿತೆನ್ನಬೇಕು.

ಅರಸನ ಮುಂದೆ ಬೇರೆ ಯಾವ ಮಾರ್ಗಗಳಿದ್ದುವು? ಗೆದ್ದವನಿಗೆ ಶರಣಾಗುವುದು ಒಂದು. ಬಿದನೂರಿನ ರಾಣಿ ವೀರಮ್ಮಾಜಿ ಸೆರೆಸಿಕ್ಕಿ ಮಧುಗಿರಿಯ ಕೋಟೆಯಲ್ಲಿ ಬಂಧಿತಳಾದುದನ್ನು ನೆನೆದರೆ ಆ ಮಾರ್ಗದ ಫಲವೇನೆಂಬುದು ವಿದಿತವಾಗುತ್ತದೆ. ಪುಣೆಗೆ ಹೋಗುವುದು ಇನ್ನೊಂದು. ಆದರೆ ಅದು ದೂರದ ದಾರಿ. ಮೇಲಾಗಿ 1761ರ ಪಾಣಿಪತ್ತಿನ ಪೆಟ್ಟಿನಿಂದ ಮರಾಠರು ಆಗತಾನೆ ಚೇತರಿಸಿಕೊಳ್ಳುತ್ತಿದ್ದರು. ಪೋರ್ತುಗೀಜರಾದರೋ ಹಳೆಯ ಮಿತ್ರರೇನೂ ಅಲ್ಲ. 1752ರಲ್ಲಿ ಇದೇ ಸದಾಶಿವಗಡವನ್ನು ಅವರು ಹಿಡಿದಿದ್ದರು. ಆದರೂ ಗೋವೆಗೆ ಹೊಂದಿಕೊಂಡಿದ್ದ ಕಾಣಕೋಣ, ಪಂಚಮಹಾಲುಗಳ ಮೇಲೆ ಸೋದೆಯ ಅರಸನಿಗೆ ಹಕ್ಕಿದ್ದಿತು. ಪರದೇಶದಲ್ಲಿದ್ದರೂ ಸ್ವಂತ ನೆಲದ ಅಂಚಿನಲ್ಲಿ ಇದ್ದಂತೆ. ಕಾಲ ಬದಲಾದರೆ ಹಿಂದಿರುಗುವುದೂ ಸುಲಭ.

ಈ ಆಶ್ರಯಕ್ಕೆ ಬೆಲೆ ತೆರಬೇಕಾಯಿತು. ಫೋಂಡಾ, ಪಂಚಮಹಾಲು, ಕಾಣಕೋಣಗಳು 1763-64ರ ಸುಮಾರಿಗೆ ಪೋರ್ತುಗೀಜರ ಕೈಸೇರಿದುವು. 1791ರ ಒಪ್ಪಂದದಿಂದ ಅವು ವಿಧಿವತ್ತಾಗಿ ಅವರದಾದುವು. ಪ್ರತಿಫಲವಾಗಿ ಅರಸನ ಮನೆತನಕ್ಕೆ ವೇತನ ದೊರೆಯಿತು. ಗೋವೆಯ ‘ಹೊಸ ವಿಜಯಗಳು’ ಎಂಬ ಪ್ರದೇಶದ ದೊಡ್ಡದೊಂದು ಭಾಗ ಯುದ್ಧದಿಂದಲ್ಲ, ಒಬ್ಬ ನಿರಾಶ್ರಿತ ಅರಸನ ಸಂಕಟದಿಂದ ಅವರಿಗೆ ಲಭಿಸಿತೆಂಬುದನ್ನು ಇಲ್ಲಿ ಲಕ್ಷಿಸಬೇಕು.

ಮನೆತನವು ನೆಲೆನಿಂತ ಸ್ಥಳ ಫೋಂಡಾ ಸೀಮೆಯ ಬಾಂದಿವಡೆ. ಇದು ಮೊದಲೇ ಆಶ್ರಿತರ ನಾಡು. ಹದಿನಾರನೆಯ ಶತಮಾನದಲ್ಲಿ ಸಾಷ್ಟಿಯ ದೇವಾಲಯಗಳು ನಾಶವಾದಾಗ ಭಕ್ತರು ಮಹಾಲಕ್ಷ್ಮಿ, ರಾಮನಾಥ ಮೊದಲಾದ ದೇವರುಗಳನ್ನು ಹೊತ್ತುತಂದು ಇಲ್ಲಿ ಪ್ರತಿಷ್ಠಿಸಿದ್ದರು. ದೇವರುಗಳೇ ಆಶ್ರಯ ಪಡೆದ ಊರಿನಲ್ಲಿ ಅರಸನೂ ಆಶ್ರಯ ಪಡೆದನು.

1799ರಲ್ಲಿ ಟೀಪುವಿನ ಪತನವಾದಾಗ ಸೋದೆಯ ಸೀಮೆ ಆಂಗ್ಲರ ವಶವಾಯಿತೇ ಹೊರತು ಹಳೆಯ ಮನೆತನಕ್ಕೆ ಮರಳಲಿಲ್ಲ. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕನನ್ನನು ಕಂಡುದು ಹಾಳುಬಿದ್ದ ರಾಜಧಾನಿಯನ್ನು. ಅರಸನ ಆಯ್ಕೆ ಅವನ ವಂಶವನ್ನು ಉಳಿಸಿತು, ರಾಜ್ಯವನ್ನು ಉಳಿಸಲಿಲ್ಲ. ಘಟ್ಟವನ್ನಿಳಿಯುವ ಅನುಕೂಲ ಅರಸನಿಗಿದ್ದಿತು. ಅಡಿಕೆಯ ತೋಟ, ಗದ್ದೆಗಳನ್ನು ನಂಬಿದ ಪ್ರಜೆಗೆ ಅದು ಇರಲಿಲ್ಲ. ಮೊದಲು ಹೈದರನಿಗೆ, ಬಳಿಕ ಟೀಪುವಿಗೆ, ಕೊನೆಗೆ ಆಂಗ್ಲರಿಗೆ ಕಂದಾಯ ತೆತ್ತು ಅವನು ಇದ್ದಲ್ಲಿಯೇ ಉಳಿದನು. ಸೋದೆಯ ಚರಿತ್ರೆಯನ್ನು ಬರೆಯುವವರು ಈ ಇಬ್ಬರ ಕಥೆಯನ್ನೂ ಒಟ್ಟಿಗೆ ನೋಡುವುದು ಅವಶ್ಯಕ.